ನೂರು ಮೀಟರ್ ಒಳಗಿನ ಮಾಳಿಗೆ ರಿಪೇರಿ

ಬಾದಾಮಿಯ ಹಳೇ ಓಣಿಗಳಲ್ಲಿ, ಐಹೊಳೆಯಲ್ಲಿ, ಶ್ರೀರಂಗಪಟ್ಟಣದ ಕೋಟೆಯೊಳಗೆ ಜನ ಸ್ಮಾರಕಗಳ ಮಗ್ಗುಲಲ್ಲೇ ಬದುಕುತ್ತಾರೆ. ಸೋರುವ ಮಾಳಿಗೆಗೆ ಹೊಸ ಜಂತಿ ಹಾಕಿಸಲೂ ಅವರಿಗೆ ಪುರಸಭೆ, ಪಂಚಾಯಿತಿಯ ಪರವಾನಗಿಯೊಂದೇ ಸಾಲದು. ಈ ಬಿಗಿ ಒಮ್ಮೆಲೇ ಬಂದದ್ದಲ್ಲ.

ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದು. ಸುತ್ತಲಿನ ಮನೆಗಳಿಗೆ ಅಳತೆ ಬಿದ್ದದ್ದು 1992ರ ಜೂನ್ 16ರ ಅಧಿಸೂಚನೆಯಿಂದ: ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 2006ರಲ್ಲಿ ಪುರಾತತ್ವ ಸರ್ವೇಕ್ಷಣ ಇಲಾಖೆ ತಜ್ಞರ ಸಮಿತಿಯೊಂದನ್ನು ರಚಿಸಿ, ಅದರ ಸಲಹೆಯಂತೆ ನಿಷೇಧಿತ ಪ್ರದೇಶದಲ್ಲೂ ಕಟ್ಟಡಗಳಿಗೆ ಅನುಮತಿ ಕೊಟ್ಟಿತು. 2009ರ ಅಕ್ಟೋಬರ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಕಾನೂನುಬಾಹಿರವೆಂದಿತು. ಅದರ ಬೆನ್ನಿಗೇ ಬಂದ 2010ರ ತಿದ್ದುಪಡಿ ಆ ಅಳತೆಗಳನ್ನು ಕಾಯ್ದೆಯೊಳಗೇ ಸೇರಿಸಿತು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನೂ ಹುಟ್ಟುಹಾಕಿತು.

ಈಗ ಎಲ್ಲವೂ ನಿಂತಿರುವುದು ಮೂರು ಪದಗಳ ಮೇಲೆ. ಇರುವ ಕಟ್ಟಡದಲ್ಲಿ ಮಾಡುವ ಬದಲಾವಣೆ ರಿಪೇರಿ. ಕೆಡವಿ ಅದೇ ಉದ್ದಗಲ, ಎತ್ತರಕ್ಕೆ ಎಬ್ಬಿಸಿದರೆ ಪುನರ್‌ನಿರ್ಮಾಣ. ಮೇಲಕ್ಕೋ ಪಕ್ಕಕ್ಕೋ ಒಂದಡಿ ಬೆಳೆಸಿದರೂ ನಿರ್ಮಾಣ. ನಿಷೇಧಿತ ಪ್ರದೇಶದ ಮನೆಯವರಿಗೆ ಸಿಗುವುದು ಮೊದಲನೆಯದು ಮಾತ್ರ. ಉಳಿದೆರಡಕ್ಕೆ ನಿಯಂತ್ರಿತ ಪ್ರದೇಶದಲ್ಲಷ್ಟೇ ಅರ್ಜಿ ಹಾಕಬಹುದು. ಸಾರ್ವಜನಿಕ ಶೌಚಾಲಯ 'ನಿರ್ಮಾಣ'ದ ವ್ಯಾಖ್ಯೆಯಿಂದ ಹೊರಗಿದೆ. ಸ್ವಂತ ಹಿತ್ತಲಲ್ಲಿ ಕಟ್ಟುವ ಶೌಚಾಲಯಕ್ಕೆ ಆ ವಿನಾಯಿತಿ ಇಲ್ಲ. ಇದು ಅನ್ಯಾಯ, ತಿದ್ದಲೇಬೇಕಾದದ್ದು.

ಹೆಚ್ಚಿನವರು ಎಡವುವುದು ಅಳತೆಯಲ್ಲಿ. ನೂರು ಮೀಟರ್ ಎಣಿಸುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಎರಡನೆಯದು ದಾಖಲೆ. ಮನೆ 1992ರ ಜೂನ್ 16ಕ್ಕೂ ಹಿಂದಿನದು ಎಂದು ತೋರಿಸಬೇಕು, ಇಲ್ಲವೇ ಆಮೇಲೆ ಇಲಾಖೆಯ ಅನುಮತಿ ಪಡೆದು ಕಟ್ಟಿರಬೇಕು. ಹಳೆಯ ತೆರಿಗೆ ರಸೀದಿ, ಕೈಬರಹದ ಉತಾರ, ಕರೆಂಟ್ ಬಿಲ್ ಏನಿದ್ದರೂ ಎಸೆಯಬೇಡಿ.

ಅನುಮತಿ ಕೈಗೆ ಬಂದ ಮೇಲೂ ಕೆಲಸ ಕೆಡುವುದುಂಟು. ಗೆದ್ದಲು ತಿಂದ ಜಂತಿಗಳನ್ನೆಲ್ಲ ಒಟ್ಟಿಗೆ ಕಿತ್ತರೆ ಹಿಡಿತ ತಪ್ಪಿದ ಮಣ್ಣಿನ ಗೋಡೆ ವಾಲಿ ಬೀಳುತ್ತದೆ. ಬಿದ್ದ ಗೋಡೆಯನ್ನು ಎತ್ತುವುದು ರಿಪೇರಿಯಲ್ಲ, ಪುನರ್‌ನಿರ್ಮಾಣ ಎಂಬ ತಕರಾರು ಏಳುತ್ತದೆ. ಅದಕ್ಕೇ ಗೋಡೆಗೆ ಊರೆ ಕೊಟ್ಟು, ಒಂದೊಂದೇ ಅಂಕಣ ಬಿಚ್ಚಿ ಕಟ್ಟಬೇಕು. ಶುರು ಮಾಡುವ ಮುಂಚೆ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಬೇಕು. ಅನುಮತಿಯಿಲ್ಲದ ನಿರ್ಮಾಣಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅರ್ಜಿ ಹೋಗುವುದು ರಾಜ್ಯಕ್ಕೆ ನೇಮಕವಾದ ಸಕ್ಷಮ ಪ್ರಾಧಿಕಾರಿಗೆ. ಅವರು 15 ದಿನದೊಳಗೆ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಅಲ್ಲಿ ಎರಡು ತಿಂಗಳು, ಮರಳಿ ಬಂದ ಮೇಲೆ ಆದೇಶಕ್ಕೆ ಒಂದು ತಿಂಗಳು. ಎಲ್ಲವೂ ಗಡುವಿನೊಳಗೆ ನಡೆದರೂ ಮೂರೂವರೆ ತಿಂಗಳು. ಜೂನ್ ಮಳೆಗೆ ಮುಂಚೆ ಮಾಳಿಗೆ ಮುಗಿಯಬೇಕಿದ್ದರೆ ಅರ್ಜಿ ಸಂಕ್ರಾಂತಿಯ ಹೊತ್ತಿಗೇ ಹೋಗಿರಬೇಕು.