ಸೂಜಿ ತೂತಿಗೆ ಎಷ್ಟು ನೀರು ತಡೆಯುವ ತಾಕತ್ತು?

ದೋಣಿಯ ಕ್ಯಾನ್ವಾಸ್ ಹೊದಿಕೆ ಸೋರಿದರೆ ಮೊದಲ ಬೈಗುಳ ಬಟ್ಟೆಗೆ. ಕಳಪೆ ಮಾಲು ಕೊಟ್ಟ ಎಂದು ಅಂಗಡಿಯವನನ್ನು ಶಪಿಸಿ, ಒಂದು ಟ್ಯೂಬು ಸಿಲಿಕೋನ್ ತಂದು ಹೊಲಿಗೆಯ ಮೇಲೆಲ್ಲ ಮೆತ್ತಿ, ಮುಂದಿನ ಮಳೆಗೆ ಮತ್ತೆ ಬಕೆಟ್ ಇಡುವುದು ವಾಡಿಕೆ. ಚನ್ನಗಿರಿ ಬಳಿಯ ಸೂಳೆಕೆರೆಯ ಫೈಬರ್ ದೋಣಿಯಾಗಲಿ, ಹಿರಿಯೂರು ಬಳಿಯ ಮಾರಿ ಕಣಿವೆಯ ಹಿನ್ನೀರಿನ ದೋಣಿಯಾಗಲಿ, ದಾವಣಗೆರೆ ಮಾರುಕಟ್ಟೆಗೆ ಮೆಕ್ಕೆಜೋಳ ಹೊತ್ತು ಬರುವ ಲಾರಿಯ ತಾಡಪಾಲಾಗಲಿ, ಸೋರಿಕೆಯ ಭೌತವಿಜ್ಞಾನ ಎಲ್ಲಕ್ಕೂ ಒಂದೇ. ಅದನ್ನು ಲೆಕ್ಕ ಹಾಕಿ ನೋಡಿದರೆ ಬಟ್ಟೆ ಬಹುಮಟ್ಟಿಗೆ ನಿರಪರಾಧಿ. ತಪ್ಪೆಲ್ಲ ಸೂಜಿಯದು.

ನೀರಿಗೆ ಮೇಲ್ಮೈ ಎಳೆತ ಇದೆ ಎಂಬುದು ಶಾಲೆಯ ಪಾಠ. ಆ ಎಳೆತವನ್ನೇ ನಾಲ್ಕರಿಂದ ಗುಣಿಸಿ, ನೀರು ಬಟ್ಟೆಯನ್ನು ಮುಟ್ಟುವ ಕೋನದ ಕೊಸೈನಿನಿಂದ ಗುಣಿಸಿ, ತೂತಿನ ವ್ಯಾಸದಿಂದ ಭಾಗಿಸಿದರೆ, ಆ ತೂತು ಎಷ್ಟು ಒತ್ತಡದವರೆಗೆ ನೀರನ್ನು ತಡೆದು ನಿಲ್ಲಿಸುತ್ತದೆ ಎಂಬುದು ಸಿಗುತ್ತದೆ. ನೀರಂಟದ ಲೇಪವಿರುವ ನೂಲಿನ ಮೇಲೆ ಕೋನ ಸುಮಾರು 110 ಡಿಗ್ರಿ ಎಂದಿಟ್ಟುಕೊಳ್ಳೋಣ. ನೇಯ್ಗೆಯ ಸಂದು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ, ಇದ್ದರೆ ಅದು ಸುಮಾರು 50 ಸೆಂ.ಮೀ. ಎತ್ತರದ ನೀರನ್ನು ಹೊರುತ್ತದೆ. ಅದೇ ಬಟ್ಟೆಯಲ್ಲಿ 1 ಮಿ.ಮೀ. ತೂತು ಹೊರುವುದು ಕೇವಲ 1 ಸೆಂ.ಮೀ. ನೀರು. ಐವತ್ತು ಪಟ್ಟು ವ್ಯತ್ಯಾಸ!

ದಪ್ಪ ಕ್ಯಾನ್ವಾಸಿಗೆ ಹಾಕುವ 110 ನಂಬರಿನ ಸೂಜಿಯ ದಪ್ಪ 1.1 ಮಿ.ಮೀ. ನಂಬರೇ ಅದನ್ನು ಹೇಳುತ್ತದೆ. ಆ ತೂತಿನೊಳಗೆ ಕೂರುವ ಪಾಲಿಯೆಸ್ಟರ್ ದಾರದ ದಪ್ಪ ಅದರ ಮೂರನೇ ಒಂದು ಭಾಗ. ಹೊಲಿಗೆಗೆ 4 ಮಿ.ಮೀ. ಅಂತರ ಎಂದರೆ ಮೀಟರಿಗೆ 250 ತೂತು, ಎರಡು ಸಾಲು ಹಾಕಿದರೆ 500. ನೂಲು ಸ್ವಲ್ಪ ಮರಳಿ ಮುಚ್ಚಿಕೊಳ್ಳುತ್ತದೆ, ದಾರ ಒಂದಿಷ್ಟು ಜಾಗ ತುಂಬುತ್ತದೆ. ಆದರೂ ಬಲಹೀನ ಜಾಗ ಅದೇ.

1 ಸೆಂ.ಮೀ. ನೀರಿನ ಒತ್ತಡ ಎಂದರೆ ಸುಮಾರು 98 ಪ್ಯಾಸ್ಕಲ್. ಗಂಟೆಗೆ 46 ಕಿ.ಮೀ. ವೇಗದ ಗಾಳಿ ಎದುರಿಗೆ ಬಡಿದರೆ ಇಷ್ಟು ಒತ್ತಡ ಬೀಳುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಆ ಸೀಮೆಯಲ್ಲಿ ಮಳೆಗೆ ಮುಂಚೆ ಏಳುವ ಗಾಳಿಗೆ ಈ ವೇಗ ದೊಡ್ಡದಲ್ಲ. ದೋಣಿ ತಾನೇ ಗಂಟೆಗೆ 30 ಕಿ.ಮೀ. ಓಡುತ್ತಿದ್ದರಂತೂ ಎದುರುಗಾಳಿ 16 ಇದ್ದರೂ ಸಾಕು. ಇನ್ನು 3 ಮಿ.ಮೀ. ಗಾತ್ರದ ಮಳೆಹನಿ ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಬಂದು ಬೀಳುತ್ತದೆ. ಬಿದ್ದ ಕ್ಷಣದ ಒತ್ತಡ 3 ಮೀಟರ್ ನೀರಿಗೆ ಸಮ. ಆ ಕ್ಷಣ ತೀರಾ ಚಿಕ್ಕದಾದ್ದರಿಂದ ಬಟ್ಟೆ ಬದುಕಿಕೊಳ್ಳುತ್ತದೆ, ಹೊಲಿಗೆ ಬದುಕುವುದಿಲ್ಲ. ಹೊದಿಕೆಯ ನೆತ್ತಿಯ ಮೇಲೆ ಹೊಲಿಗೆ ತರಬೇಡಿ, ಪಕ್ಕದ ಇಳಿಜಾರಿಗೆ ಸರಿಸಿ ಎಂದು ಅನುಭವಸ್ಥ ಹೊಲಿಗೆಗಾರರು ಹಟ ಹಿಡಿಯುವುದು ಇದಕ್ಕೇ.

ಸೋಪಿನ ಪುಡಿ ಹಾಕಿ ಉಜ್ಜಿದವರ ಕಥೆ ಇನ್ನೂ ಕೆಡುಕಿನದು. ಸೋಪಿನ ಶೇಷ ನೂಲಿನ ಮೇಲೆ ಉಳಿದರೆ ಕೋನ 90 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಕೊಸೈನಿನ ಋಣ ಧನವಾಗಿ ಲೆಕ್ಕದ ಚಿಹ್ನೆಯೇ ತಿರುಗಿ ಬೀಳುತ್ತದೆ. ನೀರನ್ನು ತಡೆಯುತ್ತಿದ್ದ ಸಂದುಗಳು ಈಗ ನೀರನ್ನು ಎಳೆದುಕೊಳ್ಳುತ್ತವೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಹೊಸದಾಗಿ ಚೆನ್ನಾಗಿದ್ದದ್ದು ತೊಳೆದ ಮೇಲೆ ಸೋರತೊಡಗಿತು ಎಂಬ ದೂರಿನ ಹಿಂದೆ ಮಾಯವೂ ಇಲ್ಲ, ಮೋಸವೂ ಇಲ್ಲ. ಉಗುರುಬೆಚ್ಚಗಿನ ನೀರು, ಮೃದು ಸೋಪು, ಮೆತ್ತನೆ ಬ್ರಷ್, ಆಮೇಲೆ ನೊರೆ ಪೂರ್ತಿ ಹೋಗುವವರೆಗೆ ಜಾಲಿಸುವುದು, ಸಂಪೂರ್ಣ ಒಣಗಿಸಿ ನೀರಂಟದ ಫ್ಲೋರೋಕಾರ್ಬನ್ ಲೇಪ ಸಿಂಪಡಿಸುವುದು: ದಾರಿ ಇಷ್ಟೇ.

‘ಡೇರೆಯ ಬಟ್ಟೆಯನ್ನು ಒಳಗಿನಿಂದ ಮುಟ್ಟಬೇಡ, ಸೋರುತ್ತದೆ’ ಎಂದು ಹಿರಿಯರು ಗದರಿಸುತ್ತಿದ್ದುದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ಅವಸರ ಬೇಡ. ಜಾತ್ರೆಯ ಡೇರೆ, ನಾಟಕ ಕಂಪನಿಯ ಟೆಂಟುಗಳೆಲ್ಲ ಹತ್ತಿ ಕ್ಯಾನ್ವಾಸಿನವಾಗಿದ್ದ ಕಾಲದಲ್ಲಿ ಅದು ಶುದ್ಧ ವಿಜ್ಞಾನ. ಸಂದಿನ ಬಾಯಲ್ಲಿ ಬಾಗಿ ನಿಂತ ನೀರಿಗೆ ಬೆರಳು ತಾಗಿದರೆ ಒಳಮೈ ಒದ್ದೆಯಾಗಿ, ಹೊರಗಿನ ನೀರಿಗೂ ಒಳಗಿನ ನೀರಿಗೂ ಸೇತುವೆ ಬೀಳುತ್ತದೆ. ಒಮ್ಮೆ ಬಿದ್ದ ಸೇತುವೆ ತಾನಾಗಿ ಮುರಿಯದು. ಪರಿಹಾರ ಸುಲಭ: ಅದೇ ಬೆರಳನ್ನು ಆ ಜಾಗದಿಂದ ಅಂಚಿನವರೆಗೆ ಕೆಳಗೆಳೆಯಿರಿ, ನೀರು ಆ ಗೆರೆ ಹಿಡಿದು ಜಾರಿಹೋಗುತ್ತದೆ.

ಹತ್ತಿಯ ಇನ್ನೊಂದು ಗುಣ ಮೆಚ್ಚುವಂಥದ್ದು. ನೀರು ಕುಡಿದ ಹತ್ತಿ ಎಳೆಯ ಉದ್ದ ಅಷ್ಟೇನೂ ಬದಲಾಗದೆ ದಪ್ಪ ಹೆಚ್ಚುತ್ತದೆ. ಸಂದು ತಾನೇ ಬಿಗಿಯುತ್ತದೆ. ಎರಡನೇ ಮಹಾಯುದ್ಧದಲ್ಲಿ ಹಿಮನೀರಿಗೆ ಬೀಳುವ ಬ್ರಿಟಿಷ್ ಪೈಲಟ್‌ಗಳಿಗಾಗಿ ಮ್ಯಾಂಚೆಸ್ಟರಿನ ಶರ್ಲಿ ಜವಳಿ ಸಂಶೋಧನಾ ಸಂಸ್ಥೆ ವೆಂಟೈಲ್ ಎಂಬ ಹತ್ತಿ ಬಟ್ಟೆಯನ್ನು ರೂಪಿಸಿದ್ದು ಇದೇ ಗುಣವನ್ನು ನಂಬಿ. ಮ್ಯಾಂಚೆಸ್ಟರ್ ಎಂದಾಗ ಹೇಳದೆ ಬಿಡಲಾಗದ ಇನ್ನೊಬ್ಬನಿದ್ದಾನೆ. ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ 1823ರಲ್ಲಿ, ನಾಫ್ತಾ ಎಂಬ ದ್ರಾವಕದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಬಳಿದು ಪೇಟೆಂಟ್ ಪಡೆದ; ಕಾರ್ಖಾನೆ ಎದ್ದದ್ದು ಮ್ಯಾಂಚೆಸ್ಟರಿನಲ್ಲಿ. ಬಟ್ಟೆ ತೊಟ್ಟೂ ಸೋರಲಿಲ್ಲ. ದರ್ಜಿಗಳು ಅದರಿಂದ ಕೋಟು ಹೊಲಿದರು ನೋಡಿ, ಹೊಲಿಗೆಯುದ್ದಕ್ಕೂ ನೀರು ಬಂತು! ಇನ್ನೂರು ವರ್ಷದ ನಂತರ, ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ದಾವಣಗೆರೆಯಲ್ಲೂ ನಾವು ಬಟ್ಟೆಯನ್ನೇ ಬೈಯುತ್ತಿದ್ದೇವೆ.

ಹತ್ತಿಯ ಈ ಗುಣವನ್ನು ಹೊಲಿಗೆಗೆ ಎರವಲು ಪಡೆಯಬಹುದು. ಒಳಗೆ ಪಾಲಿಯೆಸ್ಟರ್ ತಿರುಳು, ಹೊರಗೆ ಹತ್ತಿ ಸುತ್ತಿದ ದಾರ ಸಿಗುತ್ತದೆ. ಮಳೆ ತಾಗಿದಾಗ ಉಬ್ಬಿ ತೂತನ್ನು ತುಂಬುತ್ತದೆ. ಆದರೆ ಮಾರಿ ಕಣಿವೆಯ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬೀಳಲು 2022 ಬರಬೇಕಾಯಿತು, ಮಳೆ ಅಷ್ಟು ಅಪರೂಪ. ಅಂಥ ಬಿಸಿಲ ಸೀಮೆಯಲ್ಲಿ ಹೊದಿಕೆಯ ದೊಡ್ಡ ಶತ್ರು ಮಳೆಗಿಂತ ನೇರಳಾತೀತ ಕಿರಣ. ಬಣ್ಣವನ್ನು ನೂಲು ತೆಗೆಯುವ ಮೊದಲೇ ದ್ರಾವಣಕ್ಕೆ ಬೆರೆಸಿದ ಅಕ್ರಿಲಿಕ್ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ, ದಾರ ಮೊದಲು ಪುಡಿಯಾಗುತ್ತದೆ. ಉಗುರಿನಿಂದ ಹೊಲಿಗೆಯನ್ನು ಕೆರೆದು ನೋಡಿ. ದಾರ ಎದ್ದು ತುಂಡಾದರೆ ಸೀಲೆಂಟ್ ಹಚ್ಚುವ ಶ್ರಮ ವ್ಯರ್ಥ, ಮರುಹೊಲಿಗೆಯೇ ಗತಿ. ಬಿಸಿಲಿಗೆ ಜಗ್ಗದ ಪಿಟಿಎಫ್ಇ (ಟೆಫ್ಲಾನ್) ದಾರ ದುಬಾರಿ, ಜಾರುವ ಸ್ವಭಾವದ್ದು, ತೂತನ್ನೂ ತುಂಬದು. ಆದರೂ ಹಣವಿದ್ದರೆ ಅದನ್ನೇ ಹಾಕಿಸಿ, ಹೊಲಿಗೆಗೆ ಪ್ರತ್ಯೇಕವಾಗಿ ಲೇಪ ಕೊಡಿ.

ಹೊಲಿಗೆಯ ವಿಚಾರಕ್ಕೆ ಬಂದರೆ, ಎರಡು ಅಂಚುಗಳನ್ನು ಒಂದರೊಳಗೊಂದು ಮಡಚಿ ಎರಡು ಸಾಲು ಹೊಡೆಯುವ, ಜೀನ್ಸ್ ಪ್ಯಾಂಟಿನ ಕಾಲಿಗೆ ಹಾಕುವ ಹೊಲಿಗೆಯೇ ಸರಿ. ಮಡಿಕೆಯ ಬಾಯಿ ಕೆಳಮುಖವಾಗಿರಲಿ. ಮೇಲ್ಮುಖವಾದರೆ ಅದೇ ಕಾಲುವೆ. ಹೊಲಿಯುವ ಮುನ್ನ ಎರಡು ಪದರದ ನಡುವೆ ಎರಡೂ ಬದಿ ಅಂಟುವ ಟೇಪ್ ಇಟ್ಟರೆ ಬಟ್ಟೆ ಜರುಗದು, ಸೂಜಿ ತೂತಿನ ಸುತ್ತಲೂ ಅಂಟು ಮುತ್ತಿಕೊಳ್ಳುತ್ತದೆ. ಪಿವಿಸಿ ಲೇಪಿತ ಬಟ್ಟೆಯಾದರೆ ಸೂಜಿಯೇ ಬೇಡ. 4 ಸೆಂ.ಮೀ. ಒಂದರ ಮೇಲೊಂದು ಇಟ್ಟು, ಬಿಸಿಗಾಳಿಯಿಂದ ಕರಗಿಸಿ ರೋಲರ್ ಒತ್ತಿದರೆ ತೂತಿಲ್ಲದ ಜೋಡಣೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಆದ್ದರಿಂದ ಬಯಲಲ್ಲಿ ಮಾಡಬೇಕು.

ಸಿಲಿಕೋನ್ ಮಾತ್ರ ಬೇಡ. ಅಕ್ರಿಲಿಕ್ ಬಟ್ಟೆಗೆ ಅದು ಸರಿಯಾಗಿ ಹಿಡಿಯದು, ಸುಲಿದು ಬಂದ ಮೇಲೂ ಅದರ ಜಿಡ್ಡಿನ ಮೇಲೆ ಬೇರಾವ ಅಂಟೂ ನಿಲ್ಲದು. ವಿನೆಗರ್ ವಾಸನೆ ಬರುವ ಬಗೆಯಂತೂ ಅಸಿಟಿಕ್ ಆಮ್ಲ ಬಿಟ್ಟು ಲೋಹದ ಗುಂಡಿಗಳನ್ನು ತಿನ್ನುತ್ತದೆ.

ಹೊದಿಕೆಯನ್ನು ದೋಣಿಗೆ ಕೂರಿಸುವ ಕೆಲಸದಲ್ಲಿ ಹೆಚ್ಚಿನವರು ಎಡವುವುದು ಕ್ರಮದಲ್ಲಿ. ದೋಣಿಯ ಅಂಚಿಗೆ ಮೊದಲೇ ಟಿಚ್ ಬಟನ್ ಹೊಡೆದು, ಆಮೇಲೆ ಅದಕ್ಕೆ ಬಟ್ಟೆ ಹೊಂದಿಸಲು ಹೋಗುತ್ತಾರೆ. ತಿರುಗಿಸಿ ಮಾಡಿ. ಮೇಲ್ಛಾವಣಿಯ ಪೈಪುಗಳನ್ನು ಬೆಲ್ಟ್ ಕಟ್ಟಿ ಅಲುಗದಂತೆ ನಿಲ್ಲಿಸಿ, ಅವುಗಳ ಮೇಲೆ ಹಿಗ್ಗದ ಪ್ಲಾಸ್ಟಿಕ್ ಹಾಳೆ ಹಾಸಿ ಅಚ್ಚು ತೆಗೆಯಿರಿ. ಹೊಲಿದು ತಂದ ಮೇಲೆ ಮೊದಲು ಜಿಪ್‌ಗಳನ್ನೆಲ್ಲ ಪೂರ್ತಿ ಏರಿಸಿ, ನಂತರ ಪಕ್ಕದ ಬಟ್ಟೆಯ ನಡುಭಾಗವನ್ನು ಕೆಳಗೆಳೆದು ಒಂದು ಗುರುತು, ಅಲ್ಲಿಂದ ಎರಡೂ ಬದಿಗೆ 15-20 ಸೆಂ.ಮೀ.ಗೊಂದು. ಗುಂಡಿಯ ಸ್ಕ್ರೂಗೆ ಫೈಬರಿನಲ್ಲಿ ತೂತು ಕೊರೆದ ಮೇಲೆ ಅದರ ಬಾಯನ್ನು ಸ್ವಲ್ಪ ಅಗಲಿಸದಿದ್ದರೆ ಸ್ಕ್ರೂ ಬಿಗಿಯುವಾಗ ಹೊರಗಿನ ಹೊಳಪು ಪದರ ನಕ್ಷತ್ರದಂತೆ ಸೀಳುತ್ತದೆ. ಆ ಅಗಲಿಸಿದ ಬಾಯಲ್ಲೇ ಬ್ಯೂಟೈಲ್ ಅಥವಾ ಪಾಲಿಯುರಿಥೇನ್ ಸೀಲೆಂಟ್ ಉಂಗುರವಾಗಿ ಕೂರುತ್ತದೆ. ಒಳಗೆ ಮರದ ತಿರುಳಿರುವ ದೋಣಿಗಳಲ್ಲಿ ಇದನ್ನು ಬಿಟ್ಟರೆ ನೀರು ಸದ್ದಿಲ್ಲದೆ ಇಳಿದು ತಿರುಳು ಕೊಳೆಯುತ್ತದೆ. ಗುಂಡಿ ತುಕ್ಕು ತಡೆಯುವ ಸ್ಟೇನ್‌ಲೆಸ್ 316 ದರ್ಜೆಯ ಉಕ್ಕಿನದ್ದಿರಲಿ.

ಬಟ್ಟೆ ತಬಲದಂತೆ ಬಿಗಿಯಾಗದಿದ್ದರೆ ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ 1 ಸೆಂ.ಮೀ. ನೀರು ಎಂದರೆ 10 ಕೆ.ಜಿ.; ಭಾರಕ್ಕೆ ಗುಳಿ ಆಳವಾಗುತ್ತದೆ, ಆಳಕ್ಕೆ ಇನ್ನಷ್ಟು ನೀರು. ಸೂಜಿ ತೂತಿನ ಮಿತಿ ಆ 1 ಸೆಂ.ಮೀ.ಗೇ ಮುಗಿದಿತ್ತು ಎಂಬುದು ನೆನಪಿದೆಯಲ್ಲ? ಜಿಪ್ಪಿನ ಹಲ್ಲುಗಳ ನಡುವಂತೂ ನೀರು ಸಲೀಸಾಗಿ ನುಗ್ಗುತ್ತದೆ. ಅದರ ಮೇಲೆ 5-8 ಸೆಂ.ಮೀ. ಅಗಲದ ಮುಚ್ಚುಪಟ್ಟಿ, ದೋಣಿಯ ಹಿಂಬದಿಗೆ ತೆರೆದುಕೊಳ್ಳುವಂತೆ. ಪಾರದರ್ಶಕ ವಿನೈಲ್ ಕಿಟಕಿ ಕಾದ ಪೈಪಿಗೆ ತಾಗಿದ ಕಡೆ ಕಂದುಗಟ್ಟುತ್ತದೆ, ನಡುವೆ ಬಟ್ಟೆಯ ಪಟ್ಟಿ ಬೇಕು. ಅಮೋನಿಯಾ ಇರುವ ಗಾಜು ಕ್ಲೀನರ್ ಅದಕ್ಕೆ ವಿಷ.

ಇಷ್ಟೆಲ್ಲ ಮಾಡಿದರೂ ಬೆಳಿಗ್ಗೆ ಒಳಗೆ ನೀರು ತೊಟ್ಟಿಕ್ಕಬಹುದು. ಮತ್ತೆ ಸೀಲೆಂಟ್ ಹುಡುಕುವ ಮೊದಲು ಲೆಕ್ಕ ಹಾಕಿ. 25 ಡಿಗ್ರಿಯ, 80% ತೇವದ ಗಾಳಿಯ ಘನ ಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ರಾತ್ರಿ 15 ಡಿಗ್ರಿಗೆ ಇಳಿದರೆ ಅದು ಹಿಡಿದಿಟ್ಟುಕೊಳ್ಳುವುದು 13 ಗ್ರಾಂ ಮಾತ್ರ. 10 ಘನ ಮೀಟರಿನ ಮುಚ್ಚಿದ ಹೊದಿಕೆಯಲ್ಲಿ 50 ಗ್ರಾಂ ನೀರು ಹೀಗೆಯೇ ಹುಟ್ಟುತ್ತದೆ. ಒಳಗೆ ಮಲಗಿದ ಒಬ್ಬೊಬ್ಬರೂ ಗಂಟೆಗೆ ಸುಮಾರು 40 ಗ್ರಾಂ ಸೇರಿಸುತ್ತಾರೆ. ಗುರುತಿಸುವುದು ಹೇಗೆ? ಹನಿಗಳು ಕಿಟಕಿಯ ತುಂಬ ಸಮನಾಗಿ ಹರಡಿದ್ದರೆ ಇಬ್ಬನಿ, ಹೊಲಿಗೆಯ ಗುಂಟ ಸಾಲಾಗಿದ್ದರೆ ಸೋರಿಕೆ. ಇಬ್ಬನಿಯಾದರೆ ಇನ್ನಷ್ಟು ಮುಚ್ಚಿದಷ್ಟೂ ಕೆಡುತ್ತದೆ. ಪಿವಿಸಿ ತಾಡಪಾಲು ಹೊದಿಸಿದ ದೋಣಿಗಳಲ್ಲಿ ಈ ಕಾಟ ಜಾಸ್ತಿ, ಏಕೆಂದರೆ ಅದು ಆವಿಯನ್ನೂ ಬಿಡುವುದಿಲ್ಲ. ಮುಂಭಾಗದಲ್ಲಿ ಕೆಳಗೊಂದು, ಹಿಂಭಾಗದಲ್ಲಿ ಮೇಲೊಂದು, ಅಂಗೈ ಅಗಲದ ಜಾಲರಿ ಕಿಂಡಿ ಬಿಟ್ಟು, ಅದರ ಮೇಲೆ ಮಳೆ ಬಾರದಂತೆ ಬಟ್ಟೆಯ ಸಣ್ಣ ಚಾಚು ಹೊಲಿಸಿ.