ವುಡನ್ ಮೇಷ್ಟ್ರು ಹೊಗಳಿದ್ದು ಕಡಿಮೆ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಜಾನ್ ವುಡನ್ ಅವರದು ಬಹಳ ದೊಡ್ಡ ಹೆಸರು. 1964ರಿಂದ 1975ರವರೆಗಿನ 12 ವರ್ಷಗಳಲ್ಲಿ ಅವರು ಕೋಚ್ ಆಗಿದ್ದ ಯುಸಿಎಲ್‌ಎ (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ತಂಡ 10 ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದಕ್ಕೂ ಮುಂಚೆ ಅವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು.

1974–75ರಲ್ಲಿ ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಮನಶ್ಶಾಸ್ತ್ರಜ್ಞರು ಅವರ ಪ್ರಾಕ್ಟೀಸ್ ನೋಡಲು ಹೋದರು. ವುಡನ್ ಹೇಳಿದ್ದು, ಮಾಡಿ ತೋರಿಸಿದ್ದು ಎಲ್ಲವನ್ನೂ ಗುರುತು ಹಾಕಿಕೊಂಡರು. ಒಟ್ಟು 2,326. ಅದರಲ್ಲಿ ಹೊಗಳಿಕೆ ಶೇ 6.9, ಅಸಮಾಧಾನ ಶೇ 6.6. ಮುಕ್ಕಾಲು ಪಾಲು ಬರೀ ಮಾಹಿತಿ: ಏನು ಮಾಡಬೇಕು, ಹೇಗೆ, ಯಾವಾಗ.

ತಪ್ಪು ಕಂಡರೆ ವುಡನ್ ಭಾಷಣ ಮಾಡುತ್ತಿರಲಿಲ್ಲ. ಸರಿಯಾದ ರೀತಿ ಮಾಡಿ ತೋರಿಸುತ್ತಿದ್ದರು. ಆಮೇಲೆ ಹುಡುಗ ಮಾಡಿದ ತಪ್ಪನ್ನೇ ಮಾಡಿ ತೋರಿಸುತ್ತಿದ್ದರು. ಮತ್ತೆ ಸರಿಯಾದದ್ದು. ಎಲ್ಲಾ ಸೇರಿ ಕೆಲವೇ ಸೆಕೆಂಡ್, ಆಟ ಮತ್ತೆ ಶುರು. ನಮ್ಮಲ್ಲಿ ಎಷ್ಟೋ ಸಲ ‘ಶಭಾಷ್’ ಅಥವಾ ‘ಎಷ್ಟು ಸಲ ಹೇಳೋದು ನಿಂಗೆ?’ ಅನ್ನುವುದರಲ್ಲೇ ಪಾಠ ಮುಗಿದುಹೋಗುತ್ತದೆ. ಮುಂದಿನ ಸಲ ಏನು ಬದಲಾಯಿಸಬೇಕು ಅನ್ನುವುದು ಎರಡರಲ್ಲೂ ಇಲ್ಲ, ಅಲ್ವಾ?

ಆದರೆ ಮಾಹಿತಿ ಕೊಟ್ಟರೂ ಅದು ಮಗುವಿನ ಗಮನವನ್ನು ಎಲ್ಲಿಗೆ ಕರೆದೊಯ್ಯುತ್ತದೆ ಅನ್ನುವುದು ಮುಖ್ಯ. 1998ರಲ್ಲಿ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಮತ್ತು ಜೊತೆಗಾರರು, ಹಿಮದ ಮೇಲೆ ಜಾರುವ ಸ್ಕೀ ಆಟದಂತೆ ಚಕ್ರಗಳ ಮೇಲೆ ಅತ್ತಿತ್ತ ಸರಿಯುವ ಒಂದು ಯಂತ್ರದ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ‘ಹೊರಗಿನ ಪಾದದಿಂದ ಒತ್ತಿ’ ಎಂದರು. ಇನ್ನು ಕೆಲವರಿಗೆ ‘ಹೊರಗಿನ ಚಕ್ರಗಳನ್ನು ಒತ್ತಿ’ ಎಂದರು. ಆ ಚಕ್ರಗಳು ಇದ್ದದ್ದು ಪಾದದ ಕೆಳಗೇ! ಆದರೂ ಚಕ್ರದ ಕಡೆ ಗಮನ ಕೊಟ್ಟವರೇ ಚೆನ್ನಾಗಿ ಕಲಿತರು. ನಿಂತಲ್ಲಿಂದ ಉದ್ದಜಿಗಿತದಲ್ಲೂ ಹೀಗೇ. ‘ಮೊಣಕಾಲನ್ನು ಬೇಗ ಚಾಚು’ ಅಂದರೆ ಹಾರುವ ದೂರ ಕಡಿಮೆ, ‘ಗೆರೆಯಿಂದ ಆದಷ್ಟು ದೂರ ಹಾರು’ ಅಂದರೆ ಜಾಸ್ತಿ. ತನ್ನ ಕೈಕಾಲನ್ನೇ ಗಮನಿಸುತ್ತಾ ಹೋದರೆ, ದೇಹ ತಾನಾಗಿ ಮಾಡಿಕೊಳ್ಳುವ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ವುಲ್ಫ್ ವಿವರಿಸುತ್ತಾರೆ. ಒಂದೆರಡು ಪದ ಬದಲಾದರೆ ಇಷ್ಟು ವ್ಯತ್ಯಾಸ! ಕೋಚ್ ಆದವರು ಇದನ್ನು ನಾಳೆಯೇ ಮೈದಾನದಲ್ಲಿ ಪರೀಕ್ಷಿಸಿ ನೋಡಬಹುದು.

ಇನ್ನು ತರಗತಿಯ ವಿಷಯ. ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ ವಿಜ್ಞಾನ ಪಾಠಗಳ ಟೇಪ್‌ಗಳನ್ನು ಕೇಳಿ, 1970ರ ದಶಕದಲ್ಲಿ ಒಂದು ವಿಷಯ ಬೆಳಕಿಗೆ ತಂದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸುಮಾರು ಒಂದು ಸೆಕೆಂಡ್ ಕಾಯುತ್ತಿದ್ದರು, ಅಷ್ಟೇ. ಮಗು ಉತ್ತರ ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ‘ಹೂಂ, ಸರಿ, ಮುಂದೆ’ ಎಂದುಬಿಡುತ್ತಿದ್ದರು. ಮಗು ಇನ್ನೂ ಯೋಚಿಸುತ್ತಲೇ ಇರುತ್ತದೆ, ಆದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದ ಮೇಲೆ, ಉತ್ತರ ಬಂದ ಮೇಲೆ, ಈ ಎರಡೂ ಕಡೆ ಶಿಕ್ಷಕರು ಮೂರು ಸೆಕೆಂಡ್ ಸುಮ್ನೆ ಕಾದಾಗ ಉತ್ತರಗಳು ಉದ್ದವಾದವು. ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು. ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಶಿಕ್ಷಕರೂ ಬದಲಾದರು. ಅವರು ಕೇಳುವ ಪ್ರಶ್ನೆಗಳು ಕಡಿಮೆಯಾದವು, ಆದರೆ ಗುಣಮಟ್ಟ ಏರಿತು. ‘ಇವನಿಂದ ಏನೂ ಆಗಲ್ಲ’ ಎಂದು ಬಿಟ್ಟುಬಿಟ್ಟಿದ್ದ ಮಕ್ಕಳ ಮೇಲೆ ಅವರಿಗೆ ಭರವಸೆ ಹುಟ್ಟಿತು, ಏಕೆಂದರೆ ಆ ಮಕ್ಕಳೂ ಈಗ ಉತ್ತರ ಹೇಳುತ್ತಿದ್ದರು.