ಬೀಗ ಕಂತು ಕಂತಾಗಿ ಬಿಟ್ಟುಕೊಡುವ ಗುಟ್ಟು

ಐದು ಪಿನ್‌ಗಳ ಒಂದು ಸಾಮಾನ್ಯ ಬೀಗ. ಪ್ರತಿ ಪಿನ್ನಿಗೂ ಆರು ಎತ್ತರಗಳು ಸಾಧ್ಯವೆಂದುಕೊಳ್ಳಿ. ಐದು ಆರುಗಳನ್ನು ಒಂದಕ್ಕೊಂದು ಗುಣಿಸಿದರೆ 7,776 ಬಗೆಯ ಕೀಲಿಕೈಗಳಾದವು. ಅಷ್ಟನ್ನೂ ಒಂದೊಂದಾಗಿ ತೂರಿಸಿ ನೋಡುವ ತಾಳ್ಮೆ ಯಾರಿಗೂ ಇರಲಾರದು. ಆದರೆ ಎರಡು ಲೋಹದ ಕಡ್ಡಿಗಳನ್ನು ಹಿಡಿದು ಕುಳಿತ ಹವ್ಯಾಸಿ ಅದನ್ನು ಕೆಲವೇ ನಿಮಿಷಗಳಲ್ಲಿ ತೆರೆದುಬಿಡಬಲ್ಲ. ನೋಡಿದವರು ಕೈಗುಣ ಎನ್ನುತ್ತಾರೆ, ಇನ್ನು ಕೆಲವರು ಅದೃಷ್ಟ ಎನ್ನುತ್ತಾರೆ. ಎರಡೂ ತಪ್ಪು. ಇಲ್ಲಿ ನಡೆಯುವುದು ಶುದ್ಧ ಲೆಕ್ಕ.

ತಪ್ಪು ತಿಳಿವಳಿಕೆಯಲ್ಲಿ ಸಿನಿಮಾಗಳ ಪಾಲು ದೊಡ್ಡದು. ನಾಯಕ ತಲೆಪಿನ್ನೊಂದನ್ನು ತುರುಕಿ ಎರಡು ಸಲ ಅಲುಗಾಡಿಸುತ್ತಾನೆ, ಬಾಗಿಲು ತೆರೆಯುತ್ತದೆ. ನಿಜವಾದ ಪಿನ್ ಬೀಗ ಹಾಗೆ ತೆರೆಯದು, ಏಕೆಂದರೆ ಆಗಬೇಕಾದ ಕೆಲಸ ಎರಡು. ಪಿನ್‌ಗಳನ್ನು ಎತ್ತಬೇಕು, ಅದೇ ಹೊತ್ತಿನಲ್ಲಿ ಒಳಗಿನ ಉರುಳೆಯನ್ನು ತಿರುಗುವ ದಿಕ್ಕಿಗೆ ಮೆಲ್ಲಗೆ ಒತ್ತಿ ಹಿಡಿದಿರಬೇಕು. ಈ ಎರಡನೆಯ ಕೆಲಸ ಮಾಡುವ ಬಾಗಿದ ಕಡ್ಡಿಯ ಹೆಸರು ಟೆನ್ಷನ್ ರೆಂಚ್. ತೆರೆಯ ಮೇಲೆ ಅದು ಕಾಣಿಸುವುದೇ ಅಪರೂಪ, ಆದರೆ ವಿದ್ಯೆಯ ಜೀವಾಳ ಇರುವುದು ಅದರಲ್ಲೇ.

ಉರುಳೆಯಲ್ಲೂ ಅದನ್ನು ಸುತ್ತುವರಿದ ಕವಚದಲ್ಲೂ ಎದುರುಬದುರಾಗಿ ಒಂದು ಸಾಲು ರಂಧ್ರಗಳಿರುತ್ತವೆ. ಪ್ರತಿ ರಂಧ್ರದಲ್ಲಿ ಕೆಳಗೊಂದು, ಮೇಲೊಂದು ಪಿನ್, ಅವನ್ನು ಕೆಳಕ್ಕೆ ದೂಡುವ ಒಂದು ಸ್ಪ್ರಿಂಗ್. ಸರಿಯಾದ ಕೀಲಿಕೈ ಹೊಕ್ಕಾಗ ಎರಡು ಪಿನ್‌ಗಳ ನಡುವಿನ ಸಂದು ಐದೂ ಕಡೆ ಉರುಳೆಯ ಅಂಚಿಗೆ ಸಮನಾಗಿ ನಿಂತು, ಉರುಳೆ ತಿರುಗುತ್ತದೆ. ಈ ಐದು ರಂಧ್ರಗಳು ಪೂರ್ತಿ ನೇರವಾದ ಗೆರೆಯಲ್ಲಿದ್ದರೆ ಹವ್ಯಾಸಿಯ ಆಟ ಅಲ್ಲಿಗೇ ಮುಗಿಯುತ್ತಿತ್ತು. ಯಂತ್ರ ಎಷ್ಟೇ ನಿಖರವಾಗಿರಲಿ, ಕೊರೆದ ರಂಧ್ರ ಕೂದಲೆಳೆಗಿಂತ ಕಡಿಮೆಯಾದರೂ ಆಚೀಚೆ ಸರಿದಿರುತ್ತದೆ. ಸಾಲಾಗಿ ನಿಂತ ಐವರನ್ನು ಒಂದು ಉದ್ದನೆಯ ಕೋಲಿನಿಂದ ದೂಡಿದರೆ, ಚೂರೇ ಚೂರು ಮುಂದೆ ನಿಂತವನಿಗೆ ಕೋಲು ಮೊದಲು ತಾಗುತ್ತದೆ, ಉಳಿದವರಿಗೆ ಏನೂ ಅನ್ನಿಸುವುದಿಲ್ಲ. ಉರುಳೆಯನ್ನು ಒತ್ತಿದಾಗಲೂ ಹಾಗೆಯೇ. ಒತ್ತಡವೆಲ್ಲ ಒಂದೇ ಪಿನ್ನಿನ ಮೇಲೆ ಬೀಳುತ್ತದೆ. ಉಳಿದ ನಾಲ್ಕು ಪಿನ್‌ಗಳು ಸ್ಪ್ರಿಂಗಿನ ಕೆಳಗೆ ಸಡಿಲವಾಗಿ ಕುಣಿಯುತ್ತಿರುತ್ತವೆ, ಇದೊಂದು ಮಾತ್ರ ಬಿಗಿಯಾಗಿರುತ್ತದೆ.

ಬಿಗಿಯಾದ ಪಿನ್ನನ್ನು ಹುಡುಕಿ ಮೆಲ್ಲಗೆ ಎತ್ತುತ್ತಾ ಹೋದರೆ, ಸಂದು ಅಂಚಿಗೆ ಬಂದ ಕ್ಷಣ ಉರುಳೆ ಅತ್ಯಲ್ಪ ತಿರುಗುತ್ತದೆ. ಸಣ್ಣದೊಂದು ‘ಟಿಕ್’ ಬೆರಳಿಗೆ ತಾಗುತ್ತದೆ. ಮೇಲಿನ ಪಿನ್ ಆ ಅಂಚಿನ ಮೇಲೆಯೇ ಕುಳಿತುಬಿಡುತ್ತದೆ, ಮತ್ತೆ ಕೆಳಗಿಳಿಯುವುದಿಲ್ಲ. ಈಗ ಒತ್ತಡ ಇನ್ನೊಂದು ಪಿನ್ನಿಗೆ ದಾಟುತ್ತದೆ. ಈ ಸರದಿ ಪ್ರತಿ ಬೀಗಕ್ಕೂ ಬೇರೆ. ಅದನ್ನು ಮುಟ್ಟಿಯೇ ಕಂಡುಕೊಳ್ಳಬೇಕು.

ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿ ಇದು. ಕೀಲಿಕೈಗಳನ್ನು ಹಾಕಿ ನೋಡುವವನಿಗೆ ಬೀಗ ಹೇಳುವುದು ಎರಡೇ ಮಾತು: ಎಲ್ಲವೂ ಸರಿ, ಅಥವಾ ತಪ್ಪು. ಎಷ್ಟು ಪಿನ್ ಸರಿಯಾಗಿತ್ತು ಎಂಬುದನ್ನು ಅದು ಹೇಳದು. ಒತ್ತಡ ಹಾಕಿದವನಿಗೆ ಮಾತ್ರ ‘ಈ ಪಿನ್ ಸರಿಯಾಯಿತು’ ಎಂದು ಕಂತು ಕಂತಾಗಿ ಉತ್ತರ ಕೊಡುತ್ತದೆ. ಹಾಗಾಗಿ ಆರನ್ನು ಐದು ಸಲ ಗುಣಿಸಬೇಕಾದ ಲೆಕ್ಕ ಆರನ್ನು ಐದು ಸಲ ಕೂಡಿಸುವ ಲೆಕ್ಕವಾಗುತ್ತದೆ. 7,776 ಇದ್ದದ್ದು 30ಕ್ಕೆ ಇಳಿಯುತ್ತದೆ. ಇನ್ನೊಂದು ಪಿನ್ ಸೇರಿಸಿದರೆ ಕೀಲಿಕೈಗಳ ಸಂಖ್ಯೆ 46,656ಕ್ಕೆ ಜಿಗಿಯುತ್ತದೆ, ಹವ್ಯಾಸಿಯ ಲೆಕ್ಕ 36 ಆಗುತ್ತದೆ, ಅಷ್ಟೇ. ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಹೋಲಿಸಿ, ಮೊದಲ ತಪ್ಪಿಗೇ ನಿಂತುಬಿಡುವ ಕಂಪ್ಯೂಟರ್ ಪ್ರೋಗ್ರಾಮಿನ ದೌರ್ಬಲ್ಯವೂ ಇದೇ. ಅದು ತೆಗೆದುಕೊಂಡ ಸಮಯವನ್ನು ಅಳೆದರೆ ಎಷ್ಟು ಅಕ್ಷರ ಸರಿಯಿತ್ತೆಂದು ತಿಳಿದುಬಿಡುತ್ತದೆ.

ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಣುಬಾಂಬ್ ಯೋಜನೆಯ ಕಾಲದಲ್ಲಿ ಲಾಸ್ ಅಲಮೋಸ್‌ನ ಕಡತದ ಕಪಾಟುಗಳ ಅಂಕಿ ಬೀಗಗಳ ಹಿಂದೆ ಬಿದ್ದದ್ದೂ ಇಂಥದೇ ಲೆಕ್ಕದ ರುಚಿಯಿಂದ. ನೂರು ಗೆರೆಗಳ ಡಯಲ್, ಮೂರು ಸಂಖ್ಯೆಗಳು, ಅಂದರೆ ಹತ್ತು ಲಕ್ಷ ಸಾಧ್ಯತೆಗಳು. ಸರಿಯಾದ ಸಂಖ್ಯೆಯಿಂದ ಎರಡು ಗೆರೆ ಆಚೀಚೆ ಇದ್ದರೂ ಬೀಗ ಒಪ್ಪುತ್ತದೆಂದು ಅವರು ಕಂಡುಕೊಂಡರು. ಐದಕ್ಕೊಂದರಂತೆ ಇಪ್ಪತ್ತು ಸಂಖ್ಯೆ ನೋಡಿದರೆ ಸಾಕು. ಹತ್ತು ಲಕ್ಷ 8,000ಕ್ಕೆ ಇಳಿಯಿತು.

ಇವರಿಗಿಂತ ಸುಮಾರು ನೂರು ವರ್ಷ ಹಿಂದಿನ ಕಥೆ ಇನ್ನೂ ದೊಡ್ಡದು. ಇಂಗ್ಲೆಂಡಿನ ಬೀಗ ತಯಾರಕ ಜೋಸೆಫ್ ಬ್ರಾಮಾ 1784ರಲ್ಲಿ ಪೇಟೆಂಟ್ ಪಡೆದ ಬೀಗದ ಒಂದು ಮಾದರಿ ಲಂಡನ್ನಿನ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಕುಳಿತಿತ್ತು. ತೆರೆದವರಿಗೆ 200 ಗಿನಿ ಬಹುಮಾನ. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನಕ್ಕೆ ಬಂದ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಮೊದಲು ಚಬ್ ಕಂಪನಿಯ ಹೆಸರಾಂತ ಬೀಗವನ್ನು ಸುಮಾರು 25 ನಿಮಿಷಗಳಲ್ಲಿ ತೆರೆದರು. ನಂತರ ಬ್ರಾಮಾ ಬೀಗದ ಮುಂದೆ ಕುಳಿತು, 16 ದಿನಗಳಲ್ಲಿ ಹಂಚಿದ 51 ಗಂಟೆಗಳ ಕೆಲಸದಿಂದ ಅದನ್ನೂ ತೆರೆದರು. ಅದರೊಳಗೆ ಪಿನ್‌ಗಳ ಕೆಲಸ ಮಾಡುವ 18 ಜಾರುಪಟ್ಟಿಗಳಿದ್ದವು. ಹಾಬ್ಸ್ ಮಾಡಿದ್ದು, ಒತ್ತಡ ಹಾಕಿ ಒಂದೊಂದು ಪಟ್ಟಿಯ ಗುಟ್ಟನ್ನೂ ಬೇರೆ ಬೇರೆಯಾಗಿ ಅಳೆದದ್ದು. ಸಾಧ್ಯತೆಗಳ ಸಂಖ್ಯೆ ಕೋಟಿಗಟ್ಟಲೆ ಎಂಬ ಹೆಮ್ಮೆಗೆ ಆ ಅಳತೆಯ ಮುಂದೆ ಬೆಲೆ ಉಳಿಯಲಿಲ್ಲ.

ಇದನ್ನೆಲ್ಲ ಹೇಳಿಕೊಟ್ಟರೆ ಕಳ್ಳರಿಗೆ ಅನುಕೂಲವಲ್ಲವೇ ಎಂಬ ಆತಂಕ ಆಗಲೂ ಇತ್ತು, ಈಗಲೂ ಇದೆ. ಅವಸರದಲ್ಲಿರುವ ಕಳ್ಳನಿಗೆ ಸಲಾಕೆ ಸಾಕು. ಪಿನ್ನುಗಳ ಸರದಿ ಹುಡುಕುತ್ತಾ ಕೂರುವಷ್ಟು ಹೊತ್ತು ಅವನಿಗಿಲ್ಲ. ದೌರ್ಬಲ್ಯವನ್ನು ಮುಚ್ಚಿಟ್ಟರೆ ಕತ್ತಲಲ್ಲಿ ಉಳಿಯುವವರು ಬೀಗ ಕೊಳ್ಳುವವರು.

ಹಾಗೆಂದು ಹವ್ಯಾಸಕ್ಕೆ ಕಟ್ಟಳೆ ಇಲ್ಲವೆಂದಲ್ಲ. ನಿಮ್ಮದಲ್ಲದ ಬೀಗವನ್ನು ಒಡೆಯರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಬಳಕೆಯಲ್ಲಿರುವ ಬೀಗ ನಿಮ್ಮದೇ ಆಗಿದ್ದರೂ ಅದರ ಮೇಲೆ ಅಭ್ಯಾಸ ಬೇಡ, ಕೆಟ್ಟು ಕುಳಿತರೆ ನೀವೇ ಹೊರಗುಳಿಯುತ್ತೀರಿ. ಪಿಕ್‌ಗಳನ್ನು, ಅಂದರೆ ಪಿನ್ ಎತ್ತುವ ಕಡ್ಡಿಗಳನ್ನು, ಇಟ್ಟುಕೊಳ್ಳುವ ಬಗ್ಗೆ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಹೊಸಬರು ಪಾರದರ್ಶಕ ಬೀಗಕ್ಕೆ ಮಾರುಹೋಗುತ್ತಾರೆ. ಪಿನ್ ಏನು ಮಾಡುತ್ತದೆಂದು ಒಮ್ಮೆ ನೋಡಲು ಅದು ಚೆನ್ನ, ಕಲಿಯಲು ಅಷ್ಟೇನೂ ಅಲ್ಲ, ಏಕೆಂದರೆ ಬೆರಳು ಮಾಡಬೇಕಾದ ಕೆಲಸವನ್ನು ಕಣ್ಣು ಕಸಿದುಕೊಳ್ಳುತ್ತದೆ. ಬಿಚ್ಚಿ ಜೋಡಿಸಬಹುದಾದ ಅಭ್ಯಾಸದ ಬೀಗ ತಂದು, ಎರಡೇ ಪಿನ್ ಹಾಕಿ ಶುರುಮಾಡಿ, ಒಂದೊಂದಾಗಿ ಹೆಚ್ಚಿಸುತ್ತಾ ಹೋಗುವುದು ಮೇಲು. ಹೊಸಬರ ಬೀಗ ತೆರೆಯದಿದ್ದರೆ ಬಹುಪಾಲು ಕಾರಣ ಒಂದೇ, ರೆಂಚಿನ ಮೇಲೆ ಅತಿಯಾದ ಬಲ. ಬಲ ಹೆಚ್ಚಾದರೆ ಹಲವು ಪಿನ್‌ಗಳು ಒಟ್ಟಿಗೇ ಬಿಗಿಯುತ್ತವೆ, ಬೀಗದ ಕಂತುಕಂತಿನ ಉತ್ತರ ಅಲ್ಲಿಗೆ ನಿಂತುಹೋಗುತ್ತದೆ.

ಅಷ್ಟು ಕೈವಶವಾದ ಮೇಲೆ ಸ್ಪೂಲ್ ಪಿನ್. ನಡುವೆ ಸೊಂಟದಂತೆ ಸಣ್ಣಗಾಗಿರುವ ಈ ಪಿನ್ ಬೀಗದ ಉತ್ತರದಲ್ಲಿ ಸುಳ್ಳು ಬೆರೆಸುತ್ತದೆ. ಉರುಳೆ ಕೊಂಚ ಹೆಚ್ಚಾಗಿಯೇ ತಿರುಗಿ ತೆರೆದಂತೆ ತೋರುತ್ತದೆ, ಆದರೆ ಪಿನ್ನಿನ ಸೊಂಟ ಅಂಚಿಗೆ ಸಿಕ್ಕಿ ಅಲ್ಲಿಯೇ ನಿಲ್ಲುತ್ತದೆ. ಆ ಸುಳ್ಳನ್ನು ಹಿಡಿಯಲೂ ದಾರಿಯಿದೆ: ಸಿಕ್ಕಿಕೊಂಡ ಸ್ಪೂಲನ್ನು ಎತ್ತಿದಾಗ ಉರುಳೆ ನಿಮ್ಮ ಒತ್ತಡಕ್ಕೆ ಎದುರಾಗಿ, ಹಿಮ್ಮುಖವಾಗಿ ತಿರುಗಲು ಹವಣಿಸುತ್ತದೆ. ಆಗ ರೆಂಚನ್ನು ಇನ್ನಷ್ಟು ಸಡಿಲಿಸಿ, ಅದು ಹಿಂದೆ ಸರಿಯಲು ಬಿಟ್ಟು, ಎತ್ತುವುದನ್ನು ಮುಂದುವರಿಸಬೇಕು. ಮೊದಲು ಕೂರಿಸಿದ್ದ ಒಂದೆರಡು ಪಿನ್‌ಗಳು ಈ ನಡುವೆ ಜಾರಿ ಬೀಳಬಹುದು, ಅವನ್ನು ಮತ್ತೆ ಕೂರಿಸಿದರಾಯಿತು.